ಎರಡು ಸೀರೆ ಹಿಡಿದು ಕ್ಲಾಸಿಗೆ ಬಂದವರು

ಸಾಹುಕಾರರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿರುತ್ತಿರಲಿಲ್ಲ. ಕೈಯಲ್ಲಿ ಬಟ್ಟೆ ಇರಲಿ ಬಿಡಲಿ, ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು. ಆ ಬೆರಳ ತುದಿಗಳು ಒಳಕಲ್ಲಿನ ಗುಂಡಿನಷ್ಟು ನುಣುಪಾಗಿದ್ದವು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಸೀರೆ ಅಂಗಡಿ. ಓದಿದ್ದು ಏಳನೆಯ ಇಯತ್ತೆ. ನೇಕಾರನಾದ ನಮ್ಮಪ್ಪ ನೇಯ್ದ ಸೀರೆಗಳು ಹೋಗುತ್ತಿದ್ದುದು ಅವರ ಅಂಗಡಿಗೇ.

ನಾನು ಅವರನ್ನು ಸರಿಯಾಗಿ ಅರಿತದ್ದು ಮಾತ್ರ ಬಿ.ಕಾಂ. ಕೊನೆಯ ವರ್ಷದಲ್ಲಿ. ನಮ್ಮ ವಾಣಿಜ್ಯದ ಸರ್ ಶನಿವಾರಕ್ಕೊಬ್ಬರಂತೆ ಉದ್ಯೋಗ, ವ್ಯಾಪಾರ ಬಲ್ಲವರನ್ನು ಕ್ಲಾಸಿಗೆ ಕರೆಸುತ್ತಿದ್ದರು. ನಾವು ಪುಸ್ತಕ ಒಪ್ಪಿಸುವುದು ಬಿಟ್ಟು ಸ್ವಂತ ಬುದ್ಧಿಯಿಂದ ಯೋಚಿಸಲಿ ಎಂಬುದು ಅವರ ಆಸೆ. ಬ್ಯಾಂಕಿನವರು ಬಂದರು, ವಿಮೆಯವರು ಬಂದರು, ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ ಕಂಪನಿಯವರೂ ಬಂದರು. ನಾವು ಶಾಲು ಹೊದಿಸಿ, ಚಪ್ಪಾಳೆ ತಟ್ಟಿ, ಹೇಳಿದ್ದನ್ನೆಲ್ಲ ಬರೆದುಕೊಂಡೆವು. ಪುಸ್ತಕದ ಬದಲು ಅತಿಥಿಗಳ ಮಾತು ಒಪ್ಪಿಸತೊಡಗಿದೆವು, ಅಷ್ಟೇ.

ಆಮೇಲೊಂದು ವಾರ ಸಾಹುಕಾರರು ಬಂದರು. ಶಾಲು ಬೇಡವೆಂದರು. ಚೀಲದಿಂದ ಎರಡು ಸೀರೆ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಬಣ್ಣ, ಒಂದೇ ಥರದ ಅಂಚು. ಒಂದನ್ನು ಎತ್ತಿ ಹಿಡಿದು, ಸೂಡಿ ಊರಿನ ಅಜ್ಜಿಯೊಬ್ಬಳು ಕಣ್ಣು ಮಂಜಾಗಿದ್ದರೂ ದಿನಗಟ್ಟಲೆ ಮಗ್ಗದಲ್ಲಿ ಕೂತು ಅದನ್ನು ನೇಯ್ದ ಕಥೆ ಹೇಳಿದರು. ಇನ್ನೊಂದರ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ, ಎಲ್ಲರೂ ಬಂದು ಮುಟ್ಟಿ ನೋಡಿ, ಕೈಮಗ್ಗದ್ದು ಯಾವುದು ಹೇಳಿ ಎಂದರು.

ನನಗೆ ಮುಟ್ಟಿದ ಕೂಡಲೇ ತಿಳಿಯಿತು. ಕೈಮಗ್ಗದ ಮೇಲೆ ಬಟ್ಟೆಯನ್ನು ಬಿಗಿಹಿಡಿಯುವ ಕಡ್ಡಿಯ ಮುಳ್ಳುಗಳು ಅಂಚಿನ ಗುಂಟ ಸಣ್ಣ ತೂತುಗಳನ್ನು ಬಿಡುತ್ತವೆ. ಅಜ್ಜಿಯ ಸೀರೆಯಲ್ಲಿ ಅವು ಇರಲಿಲ್ಲ, ಇನ್ನೊಂದರಲ್ಲಿದ್ದವು. ಆದರೆ ಇಡೀ ಕ್ಲಾಸು ಅಜ್ಜಿಯ ಸೀರೆಗೆ ಕೈ ಎತ್ತಿತು. ನಾನೂ ಎತ್ತಿದೆ.

“ನೀವು ಕೈ ಎತ್ತಿದ್ದು ಸೀರಿಗೆ ಅಲ್ಲ, ನಾ ಹೇಳಿದ ಕಥಿಗೆ. ಅಜ್ಜಿನೂ ಇಲ್ಲ ಏನಿಲ್ಲ. ಅದು ಪವರ್‌ಲೂಮಿಂದು” ಎಂದರು. ಅಂಚಿನ ಮೇಲೆ ನನ್ನ ಬೆರಳು ನಿಂತದ್ದನ್ನು ಕಂಡಿದ್ದ ಅವರು ನನ್ನ ಕಡೆ ತಿರುಗಿ, “ತಂಗಿ, ನಿನ್ನ ಬೆರಳಿಗೆ ಗೊತ್ತಿತ್ತು. ಕೈ ಯಾಕ ಎತ್ತಿದಿ?” ಎಂದು ಕೇಳಿದರು. ನನ್ನ ಕಿವಿ ಬಿಸಿಯಾದವು. ಎತ್ತಿದ ಕೈ ಇಳಿಸಿದೆ.

ಅವರು ಮತ್ತೂ ನಾಲ್ಕಾರು ಶನಿವಾರ ಬಂದರು. ಯಾರಾದರೂ “ಎಲ್ಲಾರೂ ಹಂಗ ಅಂತಾರ್ರಿ” ಎಂದರೆ, ಎಲ್ಲಾರೂ ಅಂದರೆ ಯಾರ್ಯಾರು ಎಂದು ಹೆಸರು ಕೇಳುವರು. ಪ್ರತಿ ಸಲ ಹೊರಡುವಾಗ ಒಂದೇ ಮಾತು: “ನಾನೂ ವ್ಯಾಪಾರಸ್ಥ. ನನ್ನ ಮಾತು ಹಂಗ ನಂಬಬ್ಯಾಡ್ರಿ, ಹೋಗಿ ನೋಡ್ರಿ.”

ಒಂದು ಶನಿವಾರ, ಈಗಿನ ಹುಡುಗಿಯರಿಗೆ ಕೈಮಗ್ಗದ ಸೀರೆ ಬೇಡ, ಅದಕ್ಕೇ ಮಗ್ಗಗಳು ನಿಲ್ಲುತ್ತಿವೆ ಎಂದರು. ನಾನು ಇಬ್ಬರು ಗೆಳತಿಯರೊಂದಿಗೆ ಗಜೇಂದ್ರಗಡದ, ರೋಣದ ಅಂಗಡಿಗಳಿಗೆ ಹೋಗಿ ನೋಡಿದೆ. ಎಷ್ಟೋ ಹುಡುಗಿಯರು ಕೈಮಗ್ಗದ್ದೇ ಬೇಕೆಂದು ಕೇಳುತ್ತಿದ್ದರು. ಕೆಲವು ಅಂಗಡಿಗಳಲ್ಲಿ ಅದೇ ಹೆಸರಿನಲ್ಲಿ ಅವರ ಕೈಗೆ ಬರುತ್ತಿದ್ದುದು ಪವರ್‌ಲೂಮಿನ ಸೀರೆ. ಅವುಗಳಲ್ಲಿ ಒಂದು ಅಂಗಡಿ ಸಾಹುಕಾರರದೇ. ಅಲ್ಲಿ ಈಗ ಅವರ ಮಗ ಕೂತು ವ್ಯಾಪಾರ ನೋಡಿಕೊಳ್ಳುತ್ತಿದ್ದ.

ಅಪ್ಪನಿಗೆ ಹೇಳಿದೆ. ನಮ್ಮ ಸೀರೆ ಕೊಳ್ಳುವವರೇ ಅವರು, ಬಾಯಿ ಮುಚ್ಚಿಕೊಂಡಿರು ಎಂದ. ವಾರವೆಲ್ಲ ಹೊಯ್ದಾಡಿದೆ. ಶನಿವಾರ ಎದ್ದು ನಿಂತೆ.

“ಸಾವ್ಕಾರ್ರ, ಹುಡುಗ್ಯಾರು ಬ್ಯಾಡ ಅಂದಿಲ್ರಿ. ಕೇಳಿದವರಿಗೆ ಪವರ್‌ಲೂಮಿಂದು ಕೊಡಾಕತ್ತಾರ್ರಿ. ನಿಮ್ಮ ಅಂಗಡ್ಯಾಗೂ.”

ಅವರ ಬೆರಳು ನಿಂತವು. ಸರ್ ಕುರ್ಚಿಯಿಂದ ಅರ್ಧ ಎದ್ದರು. ಸಾಹುಕಾರರು, ನೋಡಿ ಬರುತ್ತೇನೆ ಎಂದಷ್ಟೇ ಹೇಳಿ ಹೊರಟುಹೋದರು. ಸುದ್ದಿ ತಿಳಿದ ಅಪ್ಪ, ಇನ್ನು ನಮ್ಮ ಸೀರೆ ಯಾರು ಕೊಳ್ಳುತ್ತಾರೆ ಎಂದು ನನ್ನ ಮೇಲೆ ರೇಗಿದ.

ಮುಂದಿನ ಶನಿವಾರ ಅವರು ಬರಲಾರರು ಎಂದುಕೊಂಡಿದ್ದೆವು. ಬಂದರು, ಮಗನನ್ನೂ ಕರೆದುಕೊಂಡು. “ಈ ತಂಗಿ ಹೇಳಿದ್ದು ಖರೇ ಐತಿ. ನನಗ ಗೊತ್ತಿರಲಿಲ್ಲ ಅಂದ್ರ ಅದೂ ನಂದ ತಪ್ಪು” ಎಂದು, ಹಾಗೆ ಯಾಕೆ ಮಾರಿದೆ ಹೇಳು ಎಂದು ಮಗನನ್ನು ಮುಂದೆ ನಿಲ್ಲಿಸಿದರು. ನಾವು ಒಂದು ತಾಸು ಪ್ರಶ್ನೆ ಕೇಳಿದೆವು. ಮೊದಲು ಬೆವರಿದ ಮಗ ಆಮೇಲೆ ಮುಚ್ಚುಮರೆ ಇಲ್ಲದೆ ಹೇಳತೊಡಗಿದ. ಆ ವಾರವೇ ಅಂಗಡಿಯಲ್ಲಿ ಎರಡೂ ಬಗೆಯ ಸೀರೆಗಳಿಗೆ ಬೇರೆ ಬೇರೆ ಕಪಾಟು, ಮೇಲೊಂದೊಂದು ಹೆಸರಿನ ಬೋರ್ಡು ಬಂದವು. ಅಪ್ಪನ ಸೀರೆಗಳನ್ನು ಕೊಳ್ಳುವುದು ಅವರು ನಿಲ್ಲಿಸಲಿಲ್ಲ.

ನಾನೀಗ ನರಗುಂದದ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುತ್ತೇನೆ. ಹೋದ ವರ್ಷ ಸಾಹುಕಾರರು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ದನಿ ಸಣ್ಣದಾಗಿತ್ತು. “ನಿನ್ನ ಹುಡುಗ್ರು ನಿನಗ ಎದುರ ಮಾತಾಡ್ತಾರೇನವಾ?” ಎಂದು ಕೇಳಿದರು. ಹತ್ತಿಯ ವ್ಯಾಪಾರದ ಬಗ್ಗೆ ನಾನು ಕೊಟ್ಟ ಉದಾಹರಣೆ ತಪ್ಪೆಂದು ಜಕ್ಕಲಿಯ ಹುಡುಗಿಯೊಬ್ಬಳು ಎದ್ದು ನಿಂತು ತೋರಿಸಿದ್ದನ್ನೂ, ನಾನು ಒಪ್ಪಿಕೊಂಡದ್ದನ್ನೂ ಹೇಳಿದೆ.

“ಹಂಗಾದ್ರ ಚಲೋ ಕಲಸಾಕತ್ತಿ” ಎಂದು ದಿಂಬಿಗೆ ಒರಗಿದರು.

ಹದಿನೈದು ದಿನಕ್ಕೆ ತೀರಿಕೊಂಡರು. ನನ್ನ ಹತ್ತಿರ ವಿಶ್ವವಿದ್ಯಾಲಯ ಕೊಟ್ಟ ಪದವಿಪತ್ರಗಳಿವೆ. ನನಗೆ ಕಲಿಸಲು ಬರುತ್ತದೆ ಎಂದು ನಾನು ನಂಬಿದ್ದು ಏಳನೆಯ ಇಯತ್ತೆ ಓದಿದ ಅವರು ಹಾಗೆ ಹೇಳಿದ ಮೇಲೆ.