ಬೇಕರಿಯ ಮುಂದಿನ ಸಾಲು

ಆ ಗುಂಪು ತನಗೆ ತಾನೇ ಒಂದು ದೊಡ್ಡ ಹೆಸರು ಇಟ್ಟುಕೊಂಡಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ದುಬೈಯ ಇಂಗ್ಲಿಷ್ ಪತ್ರಿಕೆಯೊಂದರ ವಿದೇಶ ಸುದ್ದಿ ಡೆಸ್ಕಿನಲ್ಲಿ ಉಪಸಂಪಾದಕಿಯಾಗಿದ್ದ ವರ್ಷಗಳಲ್ಲಿ ಆ ಹೆಸರನ್ನು ಬೇಕಾದಷ್ಟು ಸಲ ಟೈಪ್ ಮಾಡಿದ್ದೇನೆ, ಪ್ರತಿ ಸಲವೂ ‘ಎಂದು ಕರೆದುಕೊಳ್ಳುವ’ ಎಂಬ ಬಾಲ ಅಂಟಿಸಿ. ಈಗ ನನ್ನನ್ನು ಕೇಳುವ ಡೆಸ್ಕ್ ಇಲ್ಲ. ಹೆಸರೂ ಬೇಡ, ಬಾಲವೂ ಬೇಡ.

ನನ್ನ ಎದುರಿನ ಮೇಜಿನಲ್ಲಿ ಪುಟ ವಿನ್ಯಾಸ ಮಾಡುತ್ತಿದ್ದವನು ಸಿರಿಯಾದವನು, ಯೂಫ್ರಟೀಸ್ ನದಿಯ ದಡದ ಊರಿನವನು. ಫೋಟೋ ಡೆಸ್ಕಿನಲ್ಲಿದ್ದ ನಮ್ಮ ಉಡುಪಿಯವನು ನನ್ನನ್ನು ಅಕ್ಕ ಎನ್ನುತ್ತಿದ್ದ. ಅದು ಹುದ್ದೆಯ ಹೆಸರಿರಬೇಕು ಎಂದುಕೊಂಡ ಸಿರಿಯಾದವನೂ ಅಕ್ಕ ಎನ್ನತೊಡಗಿದ. “ಅಕ್ಕಾ, ಯಲ್ಲಾ, ಬೇಗ, ತಲೆಬರಹ!” ಎಂದು ಅವನು ಕೂಗಿದರೆ ಇಡೀ ಸುದ್ದಿಮನೆ ನಗುತ್ತಿತ್ತು.

ಊರಿನಲ್ಲಿ ಅವನ ತಂದೆಗೆ ಖುಬ್ಬುಸ್ ರೊಟ್ಟಿಯ ಬೇಕರಿ ಇತ್ತು. ಅಂತರ್ಯುದ್ಧದ ಸುದ್ದಿಯನ್ನು ನಾವು ಸುದ್ದಿ ಏಜೆನ್ಸಿಗಳಿಂದ ತಿಳಿಯುತ್ತಿದ್ದೆವು, ಆ ಮುದುಕ ತನ್ನ ಅಂಗಡಿಯ ಮುಂದಿನ ಸಾಲಿನಿಂದ ತಿಳಿಯುತ್ತಿದ್ದ. ಮೊದಲು ಸರಕಾರದ ಸೈನಿಕರು ಸಾಲಿನಿಂದ ಕಾಣೆಯಾದರು. ಆಮೇಲೆ ಬಂಡೆದ್ದ ಊರಿನ ಹುಡುಗರೇ ಬಂದೂಕು ಹೆಗಲಿಗೇರಿಸಿ ಬಂದರು. ಅವರವರಲ್ಲೇ ಜಗಳ ಶುರುವಾದಾಗ, ಆ ಸಂದಿನಲ್ಲಿ ಈ ಗುಂಪು ಬಂದು ಒಂದು ಕಚೇರಿ ತೆರೆಯಿತು. ಆರಂಭದಲ್ಲಿ ಅವರು ಮರ್ಯಾದೆಯಿಂದ ಸಾಲಿನಲ್ಲಿ ನಿಂತರು, ವಿಧವೆಯರಿಗೆ ಗ್ಯಾಸ್ ಹಂಚಿದರು. ಕೆಲವು ತಿಂಗಳ ನಂತರ ಸಾಲು ಬಿಟ್ಟು ನೇರ ಕಿಟಕಿಗೆ ಬಂದರು. ಅದಾದ ಮೇಲೆ ಹೆಂಗಸರು ಸಾಲಿನಲ್ಲಿ ನಿಲ್ಲಬಾರದು ಎಂದರು. ಸಿಗರೇಟು ಸೇದಿದವನನ್ನು ಚೌಕದಲ್ಲಿ ಕಟ್ಟಿ ಹೊಡೆದರು. ಎದುರು ಮಾತಾಡಿದ ಒಬ್ಬ ಮೇಷ್ಟರನ್ನು ಕರೆದುಕೊಂಡು ಹೋದರು, ಅವರು ಮರಳಲಿಲ್ಲ. ಊರಿನವರು ಒಂದಾಗಿ ಅವರನ್ನು ಓಡಿಸಿದರು. ಅವರು ಹೋದರು, ಪಕ್ಕದ ದೇಶದಲ್ಲಿ ದೊಡ್ಡ ನಗರವೊಂದನ್ನು ಹಿಡಿದು, ಅಲ್ಲಿಯ ಫಿರಂಗಿಗಳೊಂದಿಗೆ ಸೈನ್ಯವಾಗಿ ಮರಳಿದರು.

ಆಗ ರಂಜಾನ್. ಮಗ ದಿನವೂ ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದ: ಅಮ್ಮ, ತಂಗಿ, ತಂಗಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಗಡಿ ದಾಟಿ, ಬಾಬಾ. ತಂದೆ ಒಪ್ಪುತ್ತಿರಲಿಲ್ಲ. ಸರಕಾರದ ಚಾನೆಲ್ ಊರು ಶಾಂತ ಎನ್ನುತ್ತಿತ್ತು, ಬಂಡುಕೋರರದ್ದು ಗೆದ್ದೆವು ಎನ್ನುತ್ತಿತ್ತು, ಗುಂಪಿನ ವಿಡಿಯೊಗಳಲ್ಲಿ ಊರು ದಿನಕ್ಕೊಮ್ಮೆ ಬೀಳುತ್ತಿತ್ತು. “ನಿನ್ನ ಪತ್ರಿಕೆ ಹೇಳಲಿ, ಆಗ ಹೊರಡುತ್ತೇನೆ” ಎಂದು ಮುದುಕ ಪಟ್ಟು ಹಿಡಿದಿದ್ದ. ಹಾಗಾಗಿ ಪ್ರತಿ ಸಂಜೆ ಮುಖಪುಟ ಸಿದ್ಧವಾದೊಡನೆ ಮಗ ಅದರ ಫೋಟೋ ತೆಗೆದು ತಂಗಿಯ ಮೊಬೈಲಿಗೆ ಕಳಿಸುತ್ತಿದ್ದ. ಇಂಗ್ಲಿಷ್ ಬಲ್ಲ ತಂಗಿ ಓದಿ ಹೇಳುತ್ತಿದ್ದಳು.

ಅಂದರೆ ನಾನು ಬರೆಯುವ ತಲೆಬರಹ ಕಾದು ಒಂದು ಮನೆ ಕುಳಿತಿತ್ತು. ಈ ವಿಷಯ ನನಗೆ ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆಗ ಅನ್ನಿಸಿತ್ತು.

ಅದೇ ದಿನಗಳಲ್ಲಿ ಮಂಗಳೂರಿನಿಂದ ನನ್ನ ತಮ್ಮ ಫೋನ್ ಮಾಡಿ, “ಅಲ್ಲಿ ಅವರದ್ದು ಎಂತ ಮಾರಾಯ್ತಿ ಇದು? ಇಲ್ಲಿ ಬಸ್ಸಲ್ಲಿ ನನ್ನ ಗಡ್ಡ ನೋಡಿ ಜನ ಸರಿದು ಕೂತ್ಕೊಳ್ತಾರೆ” ಎಂದಿದ್ದ. ನೀನು ಸರಿಯಬೇಡ, ಕೂತಲ್ಲೇ ಕೂತಿರು ಎಂದೆ. ನಾನೂ ಉಪವಾಸ ಹಿಡಿದವಳು. ನನ್ನ ದೇವರ ಹೆಸರನ್ನು ಅವರು ಧ್ವಜದ ಮೇಲೆ ಬರೆದುಕೊಂಡಿದ್ದರು. ಅವರಿಗೆ ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಇರಲಿಲ್ಲ, ಇವತ್ತಿಗೂ ಇಲ್ಲ.

ಆ ಸಂಜೆ ಹೊಸ ವಿಡಿಯೊ ಬಂತು. ಎತ್ತರದ ಕಾಂಕ್ರೀಟ್ ಗೋಡೆಯ ತುದಿಯಲ್ಲಿ ಕಪ್ಪು ಧ್ವಜ, ಊರು ವಶವಾಯಿತೆಂಬ ಘೋಷಣೆ. ಹತ್ತು ನಿಮಿಷ ಕಳೆಯುವುದರಲ್ಲಿ ಟಿವಿ ಚಾನೆಲ್‌ಗಳು ಅದನ್ನೇ ಓದಿದವು. ಸುದ್ದಿ ಸಂಪಾದಕರು ಬಂದು, “ಎಲ್ಲರೂ ಹೇಳುತ್ತಿದ್ದಾರೆ, ನಾವು ಯಾಕೆ ಹಿಂದೆ?” ಎಂದರು.

“ಎಲ್ಲರೂ ಹೇಳ್ತಿರೋದು ಆ ಒಂದೇ ವಿಡಿಯೊ ನೋಡಿ. ಕಂಡವರು ಯಾರು?” ಎಂದು ಕೇಳಿದೆ.

ಅವರು ಗಡಿಯಾರ ನೋಡಿ, “ಇಫ್ತಾರ್ ಆದ ಮೇಲೆ ಹೇಳು” ಎಂದು ಹೋದರು.

ಉಡುಪಿಯವನು ಚಿತ್ರವನ್ನು ದೊಡ್ಡದು ಮಾಡಿ ಕಣ್ಣು ಕಿರಿದು ಮಾಡಿಕೊಂಡಿದ್ದ. “ಅಕ್ಕ, ಇದ್ರಲ್ಲಿ ಊರು ಎಲ್ಲುಂಟು? ಬರೀ ಗೋಡೆ ಉಂಟು. ಎಂತದೋ ನೀರಿನ ಟ್ಯಾಂಕಿಯ ಹಾಗೆ ಕಾಣ್ತದೆ.”

ಸಿರಿಯಾದವನು ಎದ್ದು ಬಂದು ನೋಡಿದ. “ಟ್ಯಾಂಕ್ ಅಲ್ಲ. ಗೋಧಿಯ ಕಣಜ. ಊರ ಹೊರಗೆ, ಹೆದ್ದಾರಿ ದಾಟಿದ ಮೇಲೆ” ಎಂದು ತನ್ನ ಜಾಗಕ್ಕೆ ಹೋದ.

ಮಸೀದಿಯಿಂದ ಬಾಂಗ್ ಆಯಿತು. ಎಲ್ಲರೂ ಖರ್ಜೂರ, ಮಜ್ಜಿಗೆ, ಗೋಧಿ-ಮಾಂಸದ ಹರೀಸ್ ಗಂಜಿ ಇಟ್ಟಿದ್ದ ಉದ್ದ ಮೇಜಿಗೆ ಹೋದರು. ಉಪವಾಸವಿಲ್ಲದ ಉಡುಪಿಯವನೇ ಮೊದಲು ತಟ್ಟೆ ಹಿಡಿದಿದ್ದ. ನಾನು ಖರ್ಜೂರ ಬಾಯಿಗೆ ಹಾಕಿಕೊಂಡು ತಿರುಗಿದರೆ ಸಿರಿಯಾದವನು ತನ್ನ ಕುರ್ಚಿಯಲ್ಲೇ ಇದ್ದ. ನೀರು ಕೊಡೋಣವೆಂದು ಹೋದೆ. ಅವನ ಪರದೆಯ ಮೇಲೆ ನಾಳೆಯ ಮುಖಪುಟ ತೆರೆದಿತ್ತು. ನಮ್ಮ ಪತ್ರಿಕೆಯ ಹೆಸರು, ನಮ್ಮ ಅಕ್ಷರ ವಿನ್ಯಾಸ, ಕೆಳಗೆ ದಪ್ಪಕ್ಷರದಲ್ಲಿ: ಊರು ಪತನ.

“ನಾನು ಇದನ್ನು ಬರೆದಿಲ್ಲ” ಎಂದೆ.

“ಗೊತ್ತು. ಅಚ್ಚಿಗೆ ಅಲ್ಲ ಇದು. ಬಾಬಾನಿಗೆ ಕಳಿಸುವ ಒಂದೇ ಒಂದು ಫೋಟೋಗೆ.” ಅವನ ಕೈ ಮೌಸ್ ಬಿಟ್ಟಿರಲಿಲ್ಲ. “ಇಲ್ಲವಾದರೆ ನೀನೇ ಬರಿ ಅಕ್ಕಾ. ನಾಳೆ ಎರಡನೇ ಪುಟದಲ್ಲಿ ತಿದ್ದುಪಡಿ ಹಾಕು. ತಿದ್ದುಪಡಿ ಯಾರು ಓದುತ್ತಾರೆ?”

“ನಾನು ಓದ್ತೇನೆ.”

“ನನ್ನ ತಾಯಿ ಅಲ್ಲಿದ್ದಾಳೆ!”

“ಗೊತ್ತು. ಅವರು ವಿಡಿಯೊ ಮಾಡೋದು ಯಾಕೆ ಅಂತಲೂ ಗೊತ್ತು. ಬೀಳುವ ಮೊದಲೇ ಬಿತ್ತು ಅಂದರೆ ಜನ ಓಡ್ತಾರೆ, ಅವರು ಗುಂಡು ಹಾರಿಸದೆ ಒಳಗೆ ಬರ್ತಾರೆ. ನಿನ್ನ ತಂದೆ ಇದನ್ನು ಪಕ್ಕದ ಮನೆಗೆ ತೋರಿಸಿದರೆ? ಸಾಲಿನಲ್ಲಿರುವವರಿಗೆ ತೋರಿಸಿದರೆ? ಅವರ ಕೆಲಸ ನಾವು ಮಾಡಿಕೊಡೋದಾ?”

ಅವನು ಮುಖ ತಿರುಗಿಸಿದ. ನಾನು ನೀರಿನ ಬಾಟಲಿ ಇಟ್ಟು, “ಒಂದು ಫೋನ್ ಮಾಡೋಣ. ಆಮೇಲೂ ನಿನಗೆ ಇದನ್ನು ಕಳಿಸಬೇಕು ಅನ್ನಿಸಿದರೆ ನಾನು ತಡೆಯೋದಿಲ್ಲ. ಆದರೆ ಪತ್ರಿಕೆಯ ಹೆಸರು ತೆಗೆದು ಕಳಿಸು” ಎಂದೆ.  ಊರು ಬಿದ್ದಿಲ್ಲವೆಂದು ಬರೆದು, ನಾಳೆ ಅದು ಬಿದ್ದೇ ಹೋದರೆ ಅವರನ್ನು ಅಲ್ಲಿ ಕೂರಿಸಿದವಳು ನಾನೇ.

ನಮ್ಮ ಡೆಸ್ಕಿನಲ್ಲಿ ಒಂದು ನಿಯಮವಿತ್ತು. ಮನೆಯವರ ಮಾತನ್ನು ಮನೆಯವರು ಅನುವಾದ ಮಾಡುವಂತಿಲ್ಲ, ಒಬ್ಬರ ಮಾತಿನ ಮೇಲೆ ಸುದ್ದಿ ನಿಲ್ಲಿಸುವಂತಿಲ್ಲ. ಭಾಷಾಂತರ ನೋಡಿಕೊಳ್ಳುತ್ತಿದ್ದ ಈಜಿಪ್ಟಿನ ಹೆಂಗಸನ್ನು ಕರೆದೆ. ಅವಳು ತಟ್ಟೆ ಸಮೇತ ಬಂದಳು. ಬೇಕರಿಯ ಲ್ಯಾಂಡ್‌ಲೈನ್ ಹೇಗೋ ಇನ್ನೂ ಉಳಿದಿತ್ತು. ಸ್ಪೀಕರ್ ಹಾಕಿದೆವು. ನಮ್ಮಲ್ಲಿ ಕತ್ತಲಾಗಿತ್ತು, ಅಲ್ಲಿ ಇನ್ನೂ ಸೂರ್ಯ ಇದ್ದ. ಇಫ್ತಾರಿಗೆ ಮುಂಚಿನ ಆ ಗಳಿಗೆ ಬೇಕರಿಗೆ ದಿನದ ಅತಿ ಗಡಿಬಿಡಿಯ ಹೊತ್ತು. ಮುದುಕನ ದನಿಯ ಹಿಂದೆ ಜನರ ಗಲಾಟೆ ಕೇಳುತ್ತಿತ್ತು.

“ಎಲ್ಲ ಚೆನ್ನಾಗಿದೆ. ಹಿಟ್ಟು ಬೇಕಾದಷ್ಟಿದೆ. ನನ್ನ ಮಗನಿಗೆ ಊಟ ಮಾಡಲು ಹೇಳಿ” ಎಂದ ಮುದುಕ.

“ಫೋನನ್ನು ಕಿಟಕಿಯ ಹೊರಗೆ ನಿಂತವರಿಗೆ ಕೊಡಿ” ಎಂದು ಈಜಿಪ್ಟಿನವಳಿಂದ ಹೇಳಿಸಿದೆ. ಅವನು ಗೊಣಗಿದ, ಆದರೆ ಕೊಟ್ಟ.

ಬಂದದ್ದು ಒಬ್ಬ ಹೆಂಗಸಿನ ದನಿ. “ಪತ್ರಿಕೆಯಾ? ನಾನು ಮಾತಾಡುವಾಗ ನಿಮ್ಮ ಪತ್ರಿಕೆ ಬಂದು ನನ್ನ ಜಾಗ ಹಿಡಿದು ನಿಲ್ಲುತ್ತದಾ? ಬೇಗ ಕೇಳು.”

“ಊರು ಅವರ ವಶವಾಯಿತಾ?”

“ವಶವಾಗಿದ್ದರೆ ನಾನು ತಲೆ ಎತ್ತಿಕೊಂಡು ಇಲ್ಲಿ ನಿಂತಿರುತ್ತಿದ್ದೆನಾ? ಊರು ನಮ್ಮದು. ಕಣಜ ಹೋಯಿತು. ಮನೆಗೊಂದೇ ಕಟ್ಟು ಖುಬ್ಬುಸ್ ಕೊಡುತ್ತಿದ್ದಾನೆ ಈ ಮುದುಕ, ಅದೂ ದಿನದಿಂದ ದಿನಕ್ಕೆ ತೆಳ್ಳಗೆ. ಹಿಟ್ಟೇ ಬರುತ್ತಿಲ್ಲ.”

ಹಿಂದಿನಿಂದ ಮುದುಕ ಗದರಿದ. ಅವಳು ಅವನಿಗೂ ಗದರಿದಳು: “ಸುಳ್ಳಾ? ನಿಜ ಹೇಳಿದರೆ ಖುಬ್ಬುಸ್ ಕೊಡುವುದಿಲ್ಲವಾ?”

ಅವಳ ಹಿಂದಿನವನು ಲಾರಿ ಓಡಿಸುವವನು. ಕಣಜದ ಬಳಿ ತಾನೇ ಧ್ವಜ ಕಂಡು ಗಾಡಿ ತಿರುಗಿಸಿದ್ದಾಗಿ ಹೇಳಿದ. ಉತ್ತರದ ರಸ್ತೆ ತೆರೆದಿದೆ, ಆದರೆ ಅದೊಂದೇ ಉಳಿದಿರುವುದು ಎಂದ. ಮೂರನೆಯವನೂ ಹಾಗೇ ಹೇಳಿದ. ಈಜಿಪ್ಟಿನವಳು ಹರೀಸ್ ಆರಿಹೋಗುವುದನ್ನು ಲೆಕ್ಕಿಸದೆ ಪ್ರತಿ ಮಾತನ್ನೂ ಇಂಗ್ಲಿಷಿಗೆ ಇಳಿಸಿಕೊಟ್ಟಳು.

ಸಿರಿಯಾದವನು ಸ್ಪೀಕರನ್ನೇ ನೋಡುತ್ತ ಕುಳಿತಿದ್ದ. “ಹಿಟ್ಟು ಇದೆ ಅಂತ ಬಾಬಾ ನನಗೇ ಸುಳ್ಳು ಹೇಳಿದ್ದಾನೆ” ಎಂದ.

“ಎಂತ ಮಾರಾಯ, ನೀನು ಅವರಿಗೆ ಹೇಳ್ಲಿಕ್ಕೆ ಹೊರಟದ್ದು ನಿಜವಾ?” ಎಂದ ಉಡುಪಿಯವನು, ಅವನಿಗೆ ಅರ್ಥವಾಗುವಂತೆ ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕೇಳಿದ. ಸಿರಿಯಾದವನು ಪರದೆಯ ಮೇಲಿದ್ದ ತಲೆಬರಹ ಅಳಿಸಿ, “ಯಲ್ಲಾ ಅಕ್ಕಾ. ಹೇಳು” ಎಂದ.

ನಾನು ಹೇಳಿದೆ: ಕಣಜ ಗುಂಪಿನ ವಶ, ಊರು ಬಿದ್ದಿಲ್ಲ. ಎರಡನೇ ಸಾಲು: ಹಿಟ್ಟಿಗೆ ತತ್ವಾರ, ಉಳಿದಿರುವುದು ಉತ್ತರದ ರಸ್ತೆ ಮಾತ್ರ.

ಸಂಪಾದಕರು ಓದಿ, ಎಲ್ಲರಿಗಿಂತ ಬೇರೆಯಾಗಿದೆಯಲ್ಲ ಎಂದರು. ಹೌದು ಎಂದೆ. ಅವರು ಮೂವರ ಮಾತುಗಳನ್ನೂ ಇನ್ನೊಮ್ಮೆ ಓದಿ ಪುಟವನ್ನು ಅಚ್ಚಿಗೆ ಬಿಟ್ಟರು. ಫೋಟೋ ತಂಗಿಯ ಮೊಬೈಲಿಗೆ ಹೋಯಿತು.

ಮರುದಿನ ತಂಗಿ ಹೇಳಿದ್ದಿಷ್ಟು. ಅಪ್ಪ ಎರಡನೇ ಸಾಲನ್ನು ಮತ್ತೆ ಓದಿಸಿದ. ಸಾಲಿನಲ್ಲಿ ನಿಂತಿದ್ದ ಆ ಹೆಂಗಸನ್ನು ಚೆನ್ನಾಗಿ ಬೈದ. ಆಮೇಲೆ ಅಮ್ಮನ ಕಡೆ ತಿರುಗಿ, “ಕಣಜ ಕೈತಪ್ಪಿದ್ದು ಅಚ್ಚಾಗಿ ಹೋಯಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಗಂಟು ಕಟ್ಟಿ” ಎಂದ. ಹೆಂಗಸರು ಮತ್ತು ಮಕ್ಕಳು ಉತ್ತರದ ರಸ್ತೆ ಹಿಡಿದು ಗಡಿ ದಾಟಿದರು. ಮುದುಕ ಹೊರಡಲಿಲ್ಲ. ಊರು ಬಿದ್ದಿಲ್ಲ ಎಂದೂ ಅದೇ ಪುಟದಲ್ಲಿ ಇದೆಯಲ್ಲ, ಒಪ್ಪಂದ ಒಪ್ಪಂದವೇ ಎಂದನಂತೆ. ಹಿಟ್ಟು ಇರುವಷ್ಟು ದಿನ ಖುಬ್ಬುಸ್ ಸುಟ್ಟ.

ಈದ್ ಕಳೆದ ಮೇಲೆ ಊರು ಬಿತ್ತು. ಈ ಸಲ ವಿಡಿಯೊದಲ್ಲಿ ಚೌಕ ಇತ್ತು, ಗಡಿಯಾರದ ಕಂಬ ಇತ್ತು, ಸಿರಿಯಾದವನು ಒಂದೊಂದನ್ನೂ ಬೆರಳಿಟ್ಟು ಗುರುತಿಸಿದ. ಆ ಬೆಳಗ್ಗೆಯಷ್ಟೇ ಅವನ ತಂದೆ ಗಡಿಯಾಚೆಯಿಂದ ತಂಗಿಯ ಮೊಬೈಲಿನಲ್ಲಿ ಮಾತಾಡಿದ್ದ. ಬಟ್ಟೆ ತಂದಿರಲಿಲ್ಲ, ಔಷಧಿ ತಂದಿರಲಿಲ್ಲ. ಬೇಕರಿಯ ದೊಡ್ಡ ಒಲೆಯ ಬರ್ನರನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದ. “ಅವರಿಗೆ ನಾನು ಖುಬ್ಬುಸ್ ಸುಟ್ಟು ಕೊಡುವುದಿಲ್ಲ. ನನ್ನ ಒಲೆಯೂ ಕೊಡುವುದಿಲ್ಲ” ಎಂದನಂತೆ.

ಸಂಜೆ ಈಜಿಪ್ಟಿನವಳು ಬೇಕರಿಯ ಸಂಖ್ಯೆಗೆ ಕರೆ ಮಾಡಿದಳು. ಎತ್ತಿದ್ದು ಯುವಕನ ದನಿ, ಆ ಊರಿನ ಅರಬಿಯಲ್ಲ.

“ಈ ಅಂಗಡಿ ಈಗ ನಮ್ಮ ಸರಕಾರದ್ದು” ಎಂದ. ಆಮೇಲೆ ದನಿ ತಗ್ಗಿಸಿ, “ನೀವು ಅಂಗಡಿಯವನ ಕಡೆಯವರಾ? ಈ ಒಲೆ ಹೊತ್ತಿಸುವುದು ಹೇಗೆ? ಬೆಳಗ್ಗಿನಿಂದ ನೋಡುತ್ತಿದ್ದೇವೆ, ಹೊತ್ತುತ್ತಿಲ್ಲ” ಎಂದ.

ಸಿರಿಯಾದವನು ಬಗ್ಗಿ, “ಖಲಾಸ್” ಎಂದು ಒಂದೇ ಮಾತು ಹೇಳಿ ಫೋನ್ ಇಟ್ಟ.

ಊರು ಪತನ ಎಂದು ನಾನು ಬರೆದೆ, ಅವನೇ ಪುಟದಲ್ಲಿ ಕೂರಿಸಿದ. ಅಕ್ಷರದ ಅಳತೆಯನ್ನು ಒಮ್ಮೆಯೂ ಕೇಳಲಿಲ್ಲ, ಆ ಪುಟವನ್ನು ಅವನು ಹಿಂದೆಯೇ ಕಟ್ಟಿ ನೋಡಿದ್ದ. ಕೆಲಸ ಮುಗಿಸಿ ಕುರ್ಚಿ ತಿರುಗಿಸಿದ.

“ಬರ್ನರ್ ವಿಷಯ ಹಾಕುತ್ತೀಯಾ ಅಕ್ಕಾ?”

“ಒಲೆ ಹೊತ್ತುತ್ತಿಲ್ಲ ಅಂತ ನಿನ್ನ ತಂದೆ ಹೇಳಿದರೆ ಅದು ಒಬ್ಬರ ಮಾತು.”

“ಇನ್ನೊಬ್ಬನೂ ಹೇಳಿದನಲ್ಲ. ಈಗ ತಾನೇ. ಅವರ ಕಡೆಯವನೇ.”

ಅವನ ಮಾತು ಸರಿ. ಎರಡು ಕಡೆಯಿಂದಲೂ ಖಚಿತವಾಗಿತ್ತು. ವರದಿಯ ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯ ಸೇರಿಸಿದೆ: ಊರಿನ ದೊಡ್ಡ ಬೇಕರಿಯನ್ನು ಗುಂಪು ವಶಪಡಿಸಿಕೊಂಡಿದೆ, ಆದರೆ ಅದರ ಒಲೆ ಉರಿಯುತ್ತಿಲ್ಲ. ಯಾರ ಹೆಸರನ್ನೂ ಹಾಕಲಿಲ್ಲ. ಸಿರಿಯಾದವನು ಪುಟದ ಫೋಟೋ ತೆಗೆದು ಗಡಿಯಾಚೆಗೆ ಕಳಿಸಿದ. ಮುದುಕ ಆ ವಾಕ್ಯವನ್ನು ಮಗಳಿಂದ ಮತ್ತೆ ಮತ್ತೆ ಓದಿಸಿದನೆಂದು ಆಮೇಲೆ ಗೊತ್ತಾಯಿತು.