ಹಗೇವಿಗೆ ಇಳಿಯುವ ಪಿಳ್ಳಪ್ಪ

ನನ್ನಪ್ಪನ ಹೆಸರು ಪಿಳ್ಳಪ್ಪ. ಅವನಿಗೆ ಹೊಸದೇನನ್ನೂ ಹೇಳುವಂತಿರಲಿಲ್ಲ. ಬೇಲಿಯನ್ನು ನಿನಗೆ ತೋಚಿದಂತೆ ಕಟ್ಟಪ್ಪ ಎಂದರೆ, ಮುಳ್ಳು ಹಿಡಿದುಕೊಂಡು ಹೊತ್ತು ಮುಳುಗುವ ತನಕ ನಿಂತಿರುವ ಆಸಾಮಿ. ಹೀಗೆ ಮಾಡು ಎಂದು ಒಮ್ಮೆ ತೋರಿಸಿಬಿಟ್ಟರೆ ಮುಗಿಯಿತು, ಸಾವಿರ ಸಲ ಮಾಡಿದರೂ ಕೂದಲೆಳೆಯಷ್ಟು ಆಚೀಚೆ ಆಗುತ್ತಿರಲಿಲ್ಲ. ಅಂಥವನಿಗೆಂದೇ ಹೇಳಿ ಮಾಡಿಸಿದ ಕೆಲಸವೊಂದು ನಮ್ಮ ನಂದಗುಡಿ ಕಡೆ ಇತ್ತು. ಹಗೇವು ತೆಗೆಯುವುದು.

ನೆಲದಲ್ಲಿ ಎರಡಾಳು ಆಳದ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಅದೇ ಹಗೇವು. ಬೇಕಾದಾಗ ಒಳಗಿಳಿದು ರಾಗಿ ಮೇಲೆತ್ತಬೇಕು. ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಗೊತ್ತಿಲ್ಲದೆ ಇಳಿದವನು ಕೂಗುವುದಕ್ಕೂ ಆಗದೆ ಬೀಳುತ್ತಾನೆ. ಅದಕ್ಕೇ ಅಪ್ಪ ಚಪ್ಪಡಿ ಸರಿಸಿ ಒಂದು ದಿನ ಪೂರ್ತಿ ಬಿಡುತ್ತಿದ್ದ. ಆಮೇಲೆ ಹೊಂಗೆ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ, ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುತ್ತಿದ್ದ. ಕೊನೆಗೆ ದೀಪ ಇಳಿಬಿಡುತ್ತಿದ್ದ. ದೀಪ ಆರಿದರೆ ಎಲ್ಲ ಮತ್ತೆ ಮೊದಲಿನಿಂದ. ನೋಡಿದವರು ನಗುತ್ತಿದ್ದರು. ನನ್ನಣ್ಣ ಆಂಜಿನಪ್ಪನಿಗಂತೂ ನಾಚಿಕೆಯಿಂದ ಮೈಯೆಲ್ಲ ಉರಿಯುತ್ತಿತ್ತು.

ಯುದ್ಧದ ಕಾಲ, ನಲವತ್ಮೂರೋ ನಲವತ್ನಾಲ್ಕೋ. ಸರ್ಕಾರದವರು ಲೆವಿ ಎಂದು ಮನೆಮನೆಯ ರಾಗಿ ಅಳೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನಕ್ಕೆ ಬರುತ್ತಾರಂತೆ ಎಂಬ ಸುದ್ದಿ ಕೇಳಿದ್ದೇ ತಡ, ಜಮೀನ್ದಾರ ಅಪ್ಪಯ್ಯಣ್ಣ ತನ್ನ ಹಗೇವನ್ನು ಅಷ್ಟರೊಳಗೆ ಬರಿದು ಮಾಡಿ ರಾಗಿ ಬಚ್ಚಿಡಬೇಕೆಂದು ಕುಣಿದಾಡಿದ. ಅಪ್ಪ ಚಪ್ಪಡಿ ಸರಿಸಿ, ಅವನಿಗೆ ತೋರಿಸಲೆಂದೇ ದೀಪ ಇಳಿಸಿದ. ಮೊಳದುದ್ದ ಇಳಿಯುವಷ್ಟರಲ್ಲಿ ಆರಿತು. ಇವತ್ತು ಆಗಲ್ಲ, ನಾಳೆ ಎಂದ. ಅಪ್ಪಯ್ಯಣ್ಣ ಬಾಯಿಗೆ ಬಂದಂತೆ ಬೈದ. ಅಪ್ಪ ಕೊಂಬೆ ಕಡಿಯಲು ತೋಪಿನ ಕಡೆ ಹೋದ.

ಆಗಲೇ ಅಪ್ಪಯ್ಯಣ್ಣ ನನ್ನ ಜೊತೆ ಅಲ್ಲೇ ನಿಂತಿದ್ದ ಅಣ್ಣನ ಕಡೆ ತಿರುಗಿದ.

"ನಿಮ್ಮಪ್ಪ ಪುಕ್ಕಲ. ನೀನೂ ಹಂಗೇನಲಾ?"

ಹಾಳು ಮಾತು! ಅಣ್ಣ ಪಂಚೆ ಎತ್ತಿ ಕಟ್ಟಿದ. ಬೇಡ ಕಣಣ್ಣ ಎಂದು ನಾನು ತೋಳು ಹಿಡಿದೆ, ಕೊಸರಿಕೊಂಡ. ಸೊಂಟಕ್ಕೆ ಹಗ್ಗವನ್ನೂ ಕಟ್ಟದೆ ಇಳಿದೇಬಿಟ್ಟ. ಧೊಪ್ಪೆಂದು ಸದ್ದಾಯಿತು. ಕೂಗಿದೆ, ಮತ್ತೆ ಕೂಗಿದೆ. ಒಳಗಿಂದ ಉಸಿರೂ ಇಲ್ಲ.

ನನ್ನ ಕಿರುಚಾಟ ಕೇಳಿ ಅಪ್ಪ ಕೊಂಬೆ ಹೊತ್ತು ಓಡಿ ಬರುವಾಗ ನನ್ನ ಒಂದು ಕಾಲು ಹಗೇವಿನೊಳಗಿತ್ತು. ಜಡೆ ಹಿಡಿದು ಎಳೆದು ಬಿಸಾಕಿದ. ನೀನಾದರೂ ಇಳಿ, ನಿನ್ನ ಮಗ ಕಣಪ್ಪ ಎಂದು ಅತ್ತೆ. ಮತ್ತೆ ನುಗ್ಗಿದಾಗ ರಟ್ಟೆ ಹಿಡಿದ. ಆ ಕೈಯನ್ನು ರಕ್ತ ಬರುವಂತೆ ಕಚ್ಚಿದೆ.

"ಅವನು ಹೋದ ಕಣವ್ವ. ನಿನ್ನ ಬಿಡಲ್ಲ," ಎಂದ.

ನನ್ನನ್ನು ಅಪ್ಪಯ್ಯಣ್ಣನ ಆಳುಗಳ ಕೈಗೆ ಕೊಟ್ಟು ಕೊಂಬೆ ಆಡಿಸತೊಡಗಿದ. ದೀಪ ಇಳಿಸಿದ, ಆರಿತು. ಮತ್ತೆ ಕೊಂಬೆ, ಮತ್ತೆ ದೀಪ, ಮತ್ತೆ ಆರಿತು. ನಾನು ಅವನಿಗೆ ಹಾಕದ ಶಾಪವಿಲ್ಲ. ಮೂರನೆಯ ಸಲ ದೀಪ ತಳ ಮುಟ್ಟುವವರೆಗೂ ಉರಿಯಿತು. ಆಗ ಇಳಿದು ಅಣ್ಣನನ್ನು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳಿಸಿದ. ಜೀವ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನೀನು ಕೊಂಬೆ ಆಡಿಸುತ್ತಿದ್ದಾಗ ಅಣ್ಣ ಇನ್ನೂ ಬದುಕಿದ್ದನಾ ಎಂದು ಕೇಳಿಬಿಟ್ಟೆ.

"ಗೊತ್ತಿಲ್ಲ ಕಣವ್ವ," ಎಂದ ಅಪ್ಪ. "ದಿನಾ ಅದನ್ನೇ ಯೋಚಿಸ್ತೀನಿ."

ಈಗ ನನಗೆ ಮೊಮ್ಮಕ್ಕಳಿದ್ದಾರೆ. ನೀನು ಮಾಡಿದ್ದು ಸರಿ ಎಂಬ ಒಂದು ಮಾತನ್ನು ಅವನು ಕಣ್ಣು ಮುಚ್ಚುವ ತನಕ ನಾನು ಹೇಳಲಿಲ್ಲ.