ಕೃಪೆ ಅಂದ್ರ ಕೊಸರೇನ್ರಿ?

ಮೂವತ್ತು ವರ್ಷ ಕನ್ನಡ ಮಾಸ್ತರಿಕೆ ಮಾಡಿದವನು ನಾನು. ನನ್ನ ಮಾತು ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಸಿಟ್ಟು ಬರುತ್ತದೆ. ಬರಬಾರದೇ? ಹಿಂದಿನ ಕ್ರಿಸ್‌ಮಸ್‌ಗೆ ಗಂಗಾವತಿಯ ನಮ್ಮ ಓಣಿಯಲ್ಲಿ ಶಾಮಿಯಾನ ಹಾಕಿ, ಅಕ್ಕಪಕ್ಕದವರನ್ನೆಲ್ಲ ಕರೆದು, ಯೇಸುವಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ದೆ. ಮುಗಿಸಿ ಕಣ್ಣೆತ್ತಿದರೆ ಎದುರಿಗೆ ಉಳಿದವರು ನಮ್ಮ ಚರ್ಚಿನ ಸಭೆಯವರು ಮಾತ್ರ. ಅವರಲ್ಲೂ ಇಬ್ಬರು ತೂಕಡಿಸುತ್ತಿದ್ದರು.

ಈ ಸಲ ಪಾಸ್ಟರು ಮನೆಗೇ ಬಂದರು. "ಸರ, ಹತ್ತ ನಿಮಿಷ ಸಾಕ್ರಿ. ಓಣಿ ಮಂದಿಗೆ ತಿಳಿಯೂವಂಗ ಹೇಳ್ರಿ," ಎಂದು ಕೈಮುಗಿದು ಹೋದರು. ಅವರು ಗೇಟು ದಾಟಿದ್ದೇ ತಡ, ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಕನ್ನಡ ನಿಮಗೊಬ್ಬರಿಗೇ ತಿಳೀತೈತಿ ನೋಡ್ರಿ!"

ನನಗೆ ನಗು ಬರಲಿಲ್ಲ. ಸುಳ್ಳೇಕೆ ಹೇಳಲಿ, ದುಃಖವೇ ಆಯಿತು. ಈ ಓಣಿಯವರ ಮದುವೆ, ಮಣ್ಣು ಯಾವುದನ್ನೂ ನಾನು ತಪ್ಪಿಸಿದವನಲ್ಲ. ಇವರ ಮಕ್ಕಳಿಗೆ ಅಕ್ಷರ ಕಲಿಸಿದ್ದೇನೆ. ನಾನು ನೆಚ್ಚಿ ಬದುಕಿದ ಒಂದೇ ಒಂದು ಮಾತನ್ನು ಇವರಿಗೆ ತಿಳಿಯುವ ಹಾಗೆ ಹೇಳಲು ಬಾರದಿದ್ದರೆ ನಾನೆಂಥ ಮಾಸ್ತರ?

ಮರುದಿನ ಬೆಳಿಗ್ಗೆ ಭಾಷಣದ ಹಾಳೆ ಕಿಸೆಯಲ್ಲಿಟ್ಟುಕೊಂಡು ರೈಸ್‌ಮಿಲ್ಲಿನ ಮೂಲೆಗೆ ಹೋದೆ. ಅಲ್ಲಿ ಗೋಣಿಚೀಲ ಹಾಸಿ ಕಾಯಿಪಲ್ಯ ಮಾರುವ ಹೆಣ್ಣುಮಗಳೊಬ್ಬಳು ಕೂರುತ್ತಾಳೆ. ಮಿಲ್ಲಿನ ಹೊಟ್ಟು ಹಾರಿ ಬೀಳದಂತೆ ಸೊಪ್ಪಿನ ಮೇಲೆ ಒದ್ದೆ ಅರಿವೆ ಹೊದಿಸಿರುತ್ತಾಳೆ. ಬಾಯಿ ಮಾತ್ರ ಭಾರಿ ಜೋರು. ನನಗೆ ಬೇಕಾದದ್ದೂ ಅದೇ.

"ಇದನ್ನ ಸ್ವಲ್ಪ ಕೇಳವಾ. ತಿಳೀಲಿಲ್ಲಂದ್ರ ಅಲ್ಲೇ ನಿಲ್ಲಸು," ಎಂದು ಓದತೊಡಗಿದೆ.

ಮೊದಲ ಸಾಲಿಗೇ ನಿಲ್ಲಿಸಿದಳು. "ಕೃಪೆ ಅಂದ್ರ ಏನ್ರಿ ಸರ?"

"ದೈವಿಕ ಅನುಗ್ರಹ."

"ಅಯ್ಯ, ಅದೂ ತಿಳೀಲಿಲ್ರಿ!"

ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅವಳು ಯಾರಿಗೋ ಟೊಮೆಟೊ ತೂಗಿ, ಮೇಲೊಂದಿಷ್ಟು ಕೊತ್ತಂಬರಿ ಅವರ ಚೀಲಕ್ಕೆ ಹಾಕಿದಳು. ನನಗೆ ಥಟ್ಟನೆ ಹೊಳೆಯಿತು. "ನೋಡು, ಈಗ ಕೊಸರು ಹಾಕಿದೆಲ್ಲಾ, ಅದ ಕೃಪೆ!"

ಅವಳು ಬಿದ್ದು ಬಿದ್ದು ನಕ್ಕಳು. "ಮಾಸ್ತರಾಗಿ ಹಿಂಗಂದ್ರ ಹೆಂಗ್ರಿ? ಕೊಸರು ಬೇಕಂದ್ರ ಮೊದಲ ಏನರ ಕೊಂಡಿರಬೇಕಲ್ರಿ. ಸುಮ್ನ ಬಂದು ನಿಂತವರಿಗೆ ಯಾರು ಹಾಕ್ತಾರ? ನಿಮ್ಮ ದೇವ್ರೂ ಹಂಗ ಏನು?"

"ಅಲ್ಲ, ಅಲ್ಲ!" ಎಂದೆ. ಹಾಳೆ ಕೈಯಲ್ಲೇ ಮುದುಡಿತು. "ನಾವು ಏನೂ ಕೊಡಲಾರದ ಕೊಡ್ತಾನ. ನಾವು ಛಲೋ ಅದೀವಂತ ಅಲ್ಲ, ಕೆಟ್ಟವರಿದ್ರೂ ಕೊಡ್ತಾನ. ಅದಕ್ಕ ಯೇಸುನ್ನ ಕಳಿಸಿದ."

"ಏನೂ ಕೊಡಲಾರದ?" ತಕ್ಕಡಿ ಹಿಡಿದ ಅವಳ ಕೈ ಹಾಗೇ ನಿಂತಿತು. "ಹಂಗಂದ್ರ ಅದನ್ನ ಹೇಳ್ರಲಾ ಮತ್ತ! ಆ ಹಾಳಿ ಯಾಕ ಓದ್ತೀರಿ?"

ಕ್ರಿಸ್‌ಮಸ್ ಸಂಜೆ ನಾನು ಹಾಳೆ ತರಲೇ ಇಲ್ಲ. ಕೃಪೆಗೆ ಕೊಸರು ಎಂದು ಹೇಳಿ ಪಲ್ಯದಾಕೆಯ ಕೈಲಿ ಸಿಕ್ಕಿಬಿದ್ದ ಕಥೆಯನ್ನೇ ಹೇಳಿದೆ. ಓಣಿಗೆ ಓಣಿಯೇ ನಕ್ಕಿತು. ಎರಡನೇ ಸಾಲಿನಲ್ಲಿ ಕೂತಿದ್ದ ಅವಳು ಎದ್ದು ನಿಂತು, "ನಾನ ಹೇಳಿಕೊಟ್ಟೀನಿ ಇವರಿಗೆ!" ಎಂದು ಕೂಗಿದಳು. ನಗು ನಿಂತ ಮೇಲೆ, ಏನೂ ಕೊಳ್ಳದವರಿಗೂ ದೇವರು ಕೊಡುತ್ತಾನೆ ಎಂದೆ. ಯಾರೂ ಎದ್ದು ಹೋಗಲಿಲ್ಲ. ಎಷ್ಟು ಖುಷಿಯಾಯಿತೆಂದರೆ ಆಮೇಲೆ ಮೂರು ಮಿರ್ಚಿ ಭಜಿ ಹೆಚ್ಚಿಗೆ ತಿಂದು ಹೆಂಡತಿಯಿಂದ ಬೈಸಿಕೊಂಡೆ. ಯಾರು ನಂಬಿದರು, ಯಾರು ಬಿಟ್ಟರು ಎಂದು ನಾನು ಕೇಳಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬರಿಗೈಯಲ್ಲಿ ಆ ಮೂಲೆ ದಾಟುತ್ತಿದ್ದೆ. ಅವಳು ಕರೆದು, ಒದ್ದೆ ಅರಿವೆ ಸರಿಸಿ, ಒಂದು ದೊಡ್ಡ ಮೆಂತೆ ಕಟ್ಟು ತೆಗೆದು ನನ್ನ ಮುಂದೆ ಹಿಡಿದಳು. ನನ್ನ ಬಲಗೈ ತಾನಾಗಿಯೇ ಕಿಸೆಗೆ ಹೋಯಿತು.

"ಏ ಸರ! ನಿನ್ನಿ ಅಷ್ಟು ಮಂದಿ ಮುಂದ ಹೇಳಿ, ಇವತ್ತ ಕಿಸೇಕ ಕೈ ಹಾಕ್ತೀರಲ್ರಿ! ಸುಮ್ನ ತಗೋರಿ."

ನಾಚಿಕೆಯೂ ಆಯಿತು, ನಗೂ ಬಂತು. ಕಿಸೆಯಿಂದ ಖಾಲಿ ಕೈ ತೆಗೆದು, ಎರಡೂ ಕೈಯೊಡ್ಡಿ ಮೆಂತೆ ತೆಗೆದುಕೊಂಡೆ.